ದೊಡ್ಡತ್ತಿಗೆ ಒಗೆದ ಪರದೆ

ನನ್ನ ದೊಡ್ಡತ್ತಿಗೆಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವಳ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಅವಳೂ ಇಲ್ಲ ಅಂದವಳಲ್ಲ. "ಹೌದು ಕಣೇ, ನಂಗೆ ಹೊಟ್ಟೆ ಉರಿಯುತ್ತೆ. ಉರಿಯೋ ಹಾಗೆ ಅವ್ಳು ಮಾಡ್ತಾಳೆ, ಉರಿಯುತ್ತೆ. ನಿಂಗೇನು ಕಷ್ಟ?" ಎಂದು ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕುತ್ತಾಳೆ. "ಅವ್ಳು" ಅಂದರೆ ನನ್ನ ಚಿಕ್ಕತ್ತಿಗೆ. ಇಬ್ಬರೂ ನನ್ನ ಇಬ್ಬರು ಅಣ್ಣಂದಿರ ಹೆಂಡತಿಯರು. ಅಕ್ಕಪಕ್ಕದ ಮನೆ, ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆ ಈಚೆ ಓಡಾಡಿ ಇಬ್ಬರ ದೂರೂ ಕೇಳಿಸಿಕೊಳ್ಳುವ ಕೆಲಸ ನನ್ನದು. ನಾನು ಬಸ್ ಕಂಡಕ್ಟರ್, ಇರುವುದು ದೊಡ್ಡಣ್ಣನ ಮನೆಯಲ್ಲಿ. ದಿನವಿಡೀ ಸೀಟಿನ ಜಗಳ ಬಿಡಿಸಿ ಸುಸ್ತಾಗಿ ಮನೆಗೆ ಬಂದರೆ ಇಲ್ಲೂ ಅದೇ ಕೆಲಸ ಕಾದಿರುತ್ತದೆ.

ದೊಡ್ಡತ್ತಿಗೆಯದು ಲಾಂಡ್ರಿ. ಮುಂದಿನ ಕೋಣೆಯಲ್ಲಿ ಇಸ್ತ್ರಿ ಮೇಜು, ಕಟ್ಟು ಕಟ್ಟಿಟ್ಟ ಬಟ್ಟೆ. ಹಿತ್ತಲಲ್ಲಿ ಮೂರು ಸಿಮೆಂಟ್ ತೊಟ್ಟಿ, ಒಂದು ಒಗೆಯುವ ಕಲ್ಲು, ಈ ಕಡೆಯ ಗೋಡೆಯಿಂದ ಆ ಕಡೆಯ ಗೋಡೆಗೆ ಬಿಗಿದ ಹಗ್ಗಗಳು. ಹತ್ತಿರದ ಕ್ಲಿನಿಕ್ಕಿನ ಹಾಸಿಗೆ ಬಟ್ಟೆ, ಎರಡು ಲಾಡ್ಜುಗಳ ಚಾದರ, ದಿಂಬಿನ ಚೀಲ, ಟವೆಲ್ಲು, ಎಲ್ಲವೂ ಬಿಳಿ. ಹಾಗಾಗಿ ಬೀದಿಯವರು ಅವಳಿಗೆ ಬಿಳಿಯಕ್ಕ ಎಂದು ಹೆಸರಿಟ್ಟಿದ್ದಾರೆ. ಅವಳ ಕಣ್ಣಿಗೆ ಕಲೆ ಬಿದ್ದರೆ ಮುಗಿಯಿತು. ಒಮ್ಮೆ ನನ್ನ ಜೊತೆ ಡಿಪೋ ಮೇನೇಜರ್ ಮನೆಗೆ ಬಂದವಳು, ಟೀ ಕುಡಿದ ಮೇಲೆ ಅವರ ಟೇಬಲ್ ಕ್ಲಾತನ್ನೇ ಎಳೆದು ಮಡಚಿ ಕಂಕುಳಲ್ಲಿಟ್ಟುಕೊಂಡು, "ನಾಳಿದ್ದು ಕಳಿಸಿಕೊಡ್ತೀನಿ" ಎಂದು ಹೊರಟೇಬಿಟ್ಟಿದ್ದಳು. ನಾಚಿಕೆಯಿಂದ ನನ್ನ ಮುಖ ಇಷ್ಟೇ ಇಷ್ಟಾಯಿತು.

ಚಿಕ್ಕತ್ತಿಗೆಯದು ಬೇರೆಯೇ ಗತ್ತು. ನಿನ್ನೆಯ ಪಾತ್ರೆ ಇವತ್ತು ತೊಳೆದರಾಯಿತು, ಇವತ್ತಿನ ಕಸ ನಾಳೆ ಗುಡಿಸಿದರಾಯಿತು. ಆದರೆ ನಗು ಅಂದರೆ ನಗು. ಬಾಗಿಲಲ್ಲಿ ಬಂದು ನಿಂತಳೆಂದರೆ ಹಾದುಹೋಗುವ ತರಕಾರಿಯವನು ಗಾಡಿ ನಿಲ್ಲಿಸಿ ತನ್ನ ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಾನೆ. ಬೆಳಗಿನಿಂದ ಸಂಜೆವರೆಗೆ ಮೈಮುರಿದು ದುಡಿಯುವವಳು ದೊಡ್ಡತ್ತಿಗೆ, "ಪಾಪ, ಎಷ್ಟು ಒಳ್ಳೆಯವಳು" ಅನ್ನಿಸಿಕೊಳ್ಳುವವಳು ಚಿಕ್ಕತ್ತಿಗೆ. ನಾನಾಗಿದ್ದರೂ ನನ್ನ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಬೀದಿ ಉಪ್ಪುನೀರಿನ ಹಿನ್ನೀರಿನ ದಂಡೆಯಲ್ಲಿದೆ. ಆಚೆ ದಡದಲ್ಲಿ ಕಂಪನಿಯ ಕಲ್ಲಿದ್ದಲ ಯಾರ್ಡು. ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು ಅಲ್ಲಿ ರಾಶಿ ಹಾಕಿ, ಲಾರಿಗಳಲ್ಲಿ ತುಂಬಿ ಕಳಿಸುತ್ತಾರೆ. ಮಧ್ಯಾಹ್ನ ಸಮುದ್ರದ ಕಡೆಯ ಗಾಳಿ ಎದ್ದರೆ ಆ ಕರಿಪುಡಿಯೆಲ್ಲ ನಮ್ಮ ಕಿಟಕಿ, ನಮ್ಮ ಅನ್ನದ ತಟ್ಟೆ, ನಮ್ಮ ಮೂಗು. ಎಲ್ಲಕ್ಕಿಂತ ಮೊದಲು ದೊಡ್ಡತ್ತಿಗೆಯ ಹಗ್ಗ. ಒಗೆದು ಹಾಕಿದ ಚಾದರ ಒಣಗುವಷ್ಟರಲ್ಲಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಮತ್ತೆ ಒಗೆ, ಮತ್ತೆ ಹಾಕು. ಒಂದು ಲಾಡ್ಜಿನವರು ಎರಡು ಸಲ ಕಟ್ಟು ವಾಪಸ್ ಕಳಿಸಿ, ಮೂರನೇ ಸಲ ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು. ಇಷ್ಟು ಸಾಲದೆಂದು ಕಂಪನಿ ಈಚೆ ದಡದಲ್ಲೂ, ಅಂದರೆ ನಮ್ಮ ಹಿತ್ತಲಿನ ಪಕ್ಕಕ್ಕೇ, ದಂಡೆಯ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳನ್ನು ಕಡಿದು ಇನ್ನೊಂದು ಯಾರ್ಡು ಮಾಡಲು ಅರ್ಜಿ ಹಾಕಿತು. ಅದು ಬಂದರೆ ಲಾಂಡ್ರಿಗೆ ಬೀಗ ಹಾಕುವುದೊಂದೇ ದಾರಿ. ಅದನ್ನು ದೊಡ್ಡತ್ತಿಗೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೋರಾಟ ಶುರುವಾದದ್ದು ಅವಳಿಂದ. ಇದರಲ್ಲಿ ಎರಡು ಮಾತಿಲ್ಲ. ಲಾಡ್ಜಿನವರು ಬಟ್ಟೆ ನಿಲ್ಲಿಸಿದ ದಿನ ಅವಳು ಕಪ್ಪಾದ ಚಾದರಗಳನ್ನೆಲ್ಲ ಬುಟ್ಟಿಗೆ ತುಂಬಿ, ಸೇತುವೆ ದಾಟಿ ಹೋಗಿ, ಯಾರ್ಡಿನ ಗೇಟಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಒಂದೊಂದಾಗಿ ಹರವಿದಳು. "ನಿಮ್ಮ ಪುಡಿ, ನೀವೇ ಒಗೆದು ಕೊಡಿ. ಅಲ್ಲೀವರೆಗೆ ಲಾರಿ ಹೋಗಲ್ಲ." ಮುಂದಿನ ಸೋಮವಾರ ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಮನೆಯ ಕಪ್ಪು ಬಟ್ಟೆ ಹಿಡಿದು ಅವಳ ಹಿಂದೆ ನಡೆದರು. ಅದಾದ ಮೇಲೆ ಸೋಮವಾರ ಬಂತೆಂದರೆ ಗೇಟಿನ ಮುಂದೆ ಚಾದರಗಳ ಸಾಲು, ಅದರ ಹಿಂದೆ ಹಾರನ್ ಹೊಡೆಯುವ ಲಾರಿಗಳ ಸಾಲು. ಚಿಕ್ಕತ್ತಿಗೆ ಬಂದದ್ದು ಎರಡನೇ ವಾರ, ಅದೂ ಒಂದು ಫ್ಲಾಸ್ಕು ಟೀ ಮತ್ತು ಮಡಚುವ ಸ್ಟೂಲಿನ ಜೊತೆ. ಪತ್ರಿಕೆಯವನು ಫೋಟೋ ಹೊಡೆದದ್ದೂ ಅವತ್ತೇ. ಫೋಟೋದಲ್ಲಿ ಯಾರು? ಸ್ಟೂಲಿನ ಮೇಲೆ ಕೂತು ನಗುತ್ತಿರುವ ಚಿಕ್ಕತ್ತಿಗೆ. ದೊಡ್ಡತ್ತಿಗೆಯದು ಒಂದು ಮೊಣಕೈ ಇತ್ತು.

"ನೋಡು, ನನ್ನ ಮೊಣಕೈ ಎಷ್ಟು ಚೆನ್ನಾಗಿ ಬಂದಿದೆ" ಎಂದು ಆ ಪತ್ರಿಕೆಯನ್ನು ಅವಳು ನನಗೆ ಎಷ್ಟು ಸಲ ತೋರಿಸಿದಳೋ. ಆಮೇಲೆ ಅದನ್ನೇ ಇಸ್ತ್ರಿ ಮೇಜಿನ ಕಾಲಿನ ಕೆಳಗೆ ಮಡಚಿ ಇಟ್ಟಳು.

ಆಮೇಲೆ ಬಂದದ್ದು ಫಿಲಂ ಹುಡುಗಿ. ಕತ್ತರಿಸಿದ ಕೂದಲು, ಹೆಗಲ ಮೇಲೆ ತನಗಿಂತ ದೊಡ್ಡ ಚೀಲ. ಭೂಮಿ ಬಿಸಿಯಾಗುತ್ತಿರುವ ಬಗ್ಗೆ, ಅದನ್ನು ತಮ್ಮ ತಮ್ಮ ಊರಲ್ಲಿ ತಡೆಯಲು ನಿಂತ ಸಾಮಾನ್ಯ ಜನರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಈ ಕಲ್ಲಿದ್ದಲು ಎಲ್ಲೋ ಉರಿದರೆ ಇಲ್ಲಿ ಸಮುದ್ರ ಏರುತ್ತದೆ, ಏರುವ ನೀರನ್ನು ತಡೆಯುವ ಗಿಡಗಳನ್ನೇ ಇವರು ಕಡಿಯಲು ಹೊರಟಿದ್ದಾರೆ ಎಂದು ಅವಳು ನಮಗೆ ಬಿಡಿಸಿ ಹೇಳಿದಳು. ಬೀದಿಯ ಕೆಳತುದಿಯ ಮನೆಗಳಿಗೆ ಈಚೆಗೆ ಉಬ್ಬರದ ನೀರು ನುಗ್ಗುತ್ತಿದ್ದುದು ಯಾಕೆಂದು ಆಗ ನಮಗೆ ಅರ್ಥವಾಯಿತು. ದೊಡ್ಡತ್ತಿಗೆಯ ಹತ್ತಿರ ಅವಳು ಒಂದೇ ಒಂದು ಉಪಕಾರ ಕೇಳಿದಳು.

"ಅಕ್ಕಾ, ಒಂದು ವಾರ ಚಾದರಗಳನ್ನ ಹಗ್ಗದ ಮೇಲೇ ಬಿಡಿ. ತೆಗೀಬೇಡಿ, ಒಗೀಬೇಡಿ. ನಾನು ಬಂದು ಅದನ್ನೇ ಶೂಟ್ ಮಾಡ್ತೀನಿ. ಅದರ ಮುಂದೆ ನೀವು ನಿಂತು ಮಾತಾಡಿ."

ದೊಡ್ಡತ್ತಿಗೆ ಹೂಂ ಅಂದಳು. ನಾನು ಆಗಲೇ ಅಂದುಕೊಂಡೆ, ಇದು ಆಗುವ ಮಾತಲ್ಲ ಎಂದು. ಮೊದಲ ಎರಡು ದಿನ ಹಿತ್ತಲಿಗೆ ಬೆನ್ನು ಹಾಕಿ ಕೂತು ಇಸ್ತ್ರಿ ಮಾಡಿದಳು. ಆಮೇಲೆ ಹಿತ್ತಲ ಬಾಗಿಲು ಹಾಕಿಟ್ಟಳು. ಊಟ ಸೇರಲಿಲ್ಲ. ಶೂಟಿಂಗಿನ ದಿನ ಬೆಳಗಾಗುವ ಮುಂಚೆ ತೊಟ್ಟಿಯ ನೀರಿನ ಸದ್ದು ಕೇಳಿ ನಾನು ಹೋಗಿ ನೋಡಿದರೆ, ಒಂದನ್ನೂ ಬಿಡದೆ ಎಲ್ಲ ಚಾದರವನ್ನೂ ಒಗೆದು, ನೀಲಿ ಹಾಕಿ, ಹಿಂಡಿ, ಹಗ್ಗಕ್ಕೆ ಹರವಿದ್ದಾಳೆ.

"ಅತ್ತಿಗೇ! ಏನ್ ಮಾಡ್ಬಿಟ್ಟೆ?"

"ಕ್ಯಾಮೆರಾ ಬರುತ್ತೆ ಕಣೇ. ಊರೆಲ್ಲ ನೋಡುತ್ತೆ. ನನ್ನ ಹಗ್ಗದ ಮೇಲೆ ಕರೀ ಬಟ್ಟೆ ತೋರಿಸ್ಲಾ? ನಾಳೆ ನಂಗ್ಯಾರು ಬಟ್ಟೆ ಕೊಡ್ತಾರೆ?"

ಫಿಲಂ ಹುಡುಗಿ ಬಂದು ಹಿತ್ತಲಲ್ಲಿ ನಿಂತಳು. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಅವಳು ಸಂಜೆಗೆ ಬೇರೆ ಊರಿಗೆ ಹೊರಡಬೇಕಿತ್ತು, ಇನ್ನೊಂದು ವಾರ ಕಾಯುವ ಹಾಗಿರಲಿಲ್ಲ. ಸುಮ್ಮನೆ ಒಂದಿಷ್ಟು ಶೂಟ್ ಮಾಡಿಕೊಂಡು ಬೀದಿಗೆ ಬಂದವಳ ಕಣ್ಣಿಗೆ ಪಕ್ಕದ ಮನೆಯ ಕಿಟಕಿ ಬಿತ್ತು. ಆ ಕಿಟಕಿಯಲ್ಲಿ ಒಂದು ಪರದೆ. ಒಂದು ಕಾಲಕ್ಕೆ ಬಿಳಿ ಬಣ್ಣದ್ದು, ಈಗ ಕಲ್ಲಿದ್ದಲಿನ ಬಣ್ಣದ್ದು. ಕೈಯಾಡಿಸಿದರೆ ಕೈಗೆ ಕಪ್ಪು ಮೆತ್ತುತ್ತಿತ್ತು. ಹುಡುಗಿಯ ಮುಖ ಅರಳಿತು. ಚಿಕ್ಕತ್ತಿಗೆ ಬಾಗಿಲಿಗೆ ಬಂದು ನಕ್ಕಳು. ಉಳಿದ ಶೂಟಿಂಗೆಲ್ಲ ಆ ಮನೆಯಲ್ಲೇ ನಡೆಯಿತು.

ಈಗ ಆ ಪರದೆಯ ವಿಷಯ ಹೇಳಬೇಕು. ಅದಕ್ಕೆ ಮೂರು ವಾರ ಮೊದಲು ನಮ್ಮಮ್ಮ ಆಸ್ಪತ್ರೆಯಿಂದ ಚಿಕ್ಕತ್ತಿಗೆಯ ಮನೆಗೆ ಬರುವವರಿದ್ದರು. ಹಾಸಿಗೆ ಸರಿಮಾಡಲೆಂದು ಹೋದ ದೊಡ್ಡತ್ತಿಗೆ ಕಿಟಕಿಯ ಪರದೆ ನೋಡಿ, "ಅತ್ತೆ ಇದರ ಪಕ್ಕ ಮಲಗ್ಬೇಕಾ?" ಎಂದು ನನ್ನಿಂದ ಸ್ಟೂಲು ಹಿಡಿಸಿ, ತಾನೇ ಹತ್ತಿ, ಪರದೆ ಕಿತ್ತು ತಂದು ಒಗೆದಳು. ತಾನೇ ಇಸ್ತ್ರಿ ಮಾಡಿ, ತಾನೇ ತಂದು ಸಿಕ್ಕಿಸಿದಳು. ಚಿಕ್ಕತ್ತಿಗೆ ಮಂಚದ ಮೇಲೆ ಕೂತು, "ಅಕ್ಕಂಗೆ ಕೈ ಸುಮ್ನೆ ಇರಲ್ಲ" ಎಂದು ನಕ್ಕಿದ್ದಳು. ಹೀಗಾಗಿ ಆ ಪರದೆ ಒಗೆದದ್ದು ಯಾರೆಂದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ. ಮೂರೇ ವಾರದಲ್ಲಿ ಅದು ಆ ಗತಿಗೆ ಬಂದಿತ್ತು.

ಕೆಲವು ತಿಂಗಳಾದ ಮೇಲೆ ಚಿತ್ರ ಸಿದ್ಧವಾಯಿತು. ಹೊಸ ಯಾರ್ಡಿನ ಅರ್ಜಿಯ ವಿಚಾರಣೆಗೆ ಸ್ವಲ್ಪ ಮುಂಚೆ ನಮ್ಮ ಸಮುದಾಯ ಭವನದಲ್ಲಿ ಅದರ ಪ್ರದರ್ಶನ ಇಟ್ಟುಕೊಂಡರು. ಅವತ್ತು ದೊಡ್ಡತ್ತಿಗೆ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿದಳು. ಮೈಮೇಲಿನ ಬಟ್ಟೆಯ ಇಸ್ತ್ರಿ ಗೆರೆಯಲ್ಲಿ ಕೈ ಕೊಯ್ದುಕೊಳ್ಳಬಹುದಿತ್ತು. "ನೀವೂ ಇದೀರ ಅಕ್ಕಾ" ಎಂದು ಫಿಲಂ ಹುಡುಗಿ ಫೋನಿನಲ್ಲಿ ಹೇಳಿದ್ದಳಂತೆ. ಎಷ್ಟು ಹೊತ್ತು ಅಂತ ಇವಳು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಪ್ಲಾಸ್ಟಿಕ್ ಕುರ್ಚಿಗಳು ತುಂಬಿ, ಜನ ಗೋಡೆಗೊರಗಿ ನಿಂತಿದ್ದರು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಮುಂದಿನ ಸಾಲಿನಲ್ಲಿ ವಿಚಾರಣಾ ಸಮಿತಿಯ ಒಬ್ಬ ಗಂಡಸು, ಒಬ್ಬ ಹೆಂಗಸು. ಅವರ ಪಕ್ಕದಲ್ಲೇ, ಯಾರು ಕರೆದಿದ್ದರೋ, ಕಂಪನಿಯ ಪ್ರಚಾರಾಧಿಕಾರಿ. ಮೂರನೇ ಸಾಲಿನಲ್ಲಿ ನನ್ನ ಬಲಕ್ಕೆ ದೊಡ್ಡತ್ತಿಗೆ, ಎಡಕ್ಕೆ ಚಿಕ್ಕತ್ತಿಗೆ. ನನ್ನ ಹಣೆಬರಹವೇ ಅಷ್ಟು, ಎಲ್ಲಿ ಹೋದರೂ ನಡುವಿನ ಸೀಟು.

ದೀಪ ಆರಿತು. ಕರಗಿ ತೊಟ್ಟಿಕ್ಕುವ ಹಿಮದ ಬೆಟ್ಟ ಬಂತು. ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಹೂಳೆತ್ತುವ ಹಡಗನ್ನು ಅಡ್ಡಗಟ್ಟಿದ ಮೀನುಗಾರರು ಬಂದರು. ಗಣಿಯ ರಸ್ತೆಯ ಮೇಲೆ ಒಲೆ ಹೂಡಿ ಅಲ್ಲೇ ಅಡುಗೆಗೆ ಕೂತ ಬೆಟ್ಟದ ಹೆಂಗಸರು ಬಂದರು. ಯಾವುದೋ ಊರು, ಯಾವುದೋ ಭಾಷೆ, ಆದರೆ ಆ ಹೆಂಗಸರು ಸೆರಗೊದರಿ ಬೈಯುವ ರೀತಿ ನಮ್ಮದೇ. ಆಮೇಲೆ ನಮ್ಮ ಬೀದಿ! ಹಿಂದಿನ ಸಾಲಿನಿಂದ ಶಿಳ್ಳೆ ಬಿತ್ತು.

ಮೊದಲು ದೊಡ್ಡತ್ತಿಗೆಯ ಹಿತ್ತಲು. ಬೆಳ್ಳಗಿನ ಚಾದರಗಳು ಗಾಳಿಗೆ ಹಾರುತ್ತಿವೆ. ಅವುಗಳ ನಡುವೆ ಒಂದು ಬೆನ್ನು ಬಗ್ಗಿ ಬುಟ್ಟಿ ಎತ್ತಿತು, ಅಷ್ಟೇ. ಫಿಲಂ ಹುಡುಗಿಯ ಧ್ವನಿ, "ಈ ಬೀದಿಯಲ್ಲಿ ಬಟ್ಟೆ ಒಗೆಯುವುದೇ ಒಂದು ಯುದ್ಧ" ಎಂದಿತು. ಆಮೇಲೆ ಚಿಕ್ಕತ್ತಿಗೆಯ ಮುಖ. ಗೋಡೆಯಷ್ಟು ದೊಡ್ಡ ಮುಖ. ಅವಳ ನಗು, ಅವಳ ಕಿಟಕಿ, ಅವಳ ಕಪ್ಪಾದ ಅಂಗೈ. "ನಾವೆಲ್ಲ ಹೆಂಗಸರು ಸೇರಿ ಗೇಟಿಗೆ ಚಾದರ ಕಟ್ಟಿದ್ವಿ" ಎಂದಳು ಗೋಡೆಯ ಮೇಲಿನ ಚಿಕ್ಕತ್ತಿಗೆ.

"ನಾವೆಲ್ಲ ಅಂತೆ" ಎಂದಳು ನನ್ನ ಬಲಗಡೆಯವಳು, ಹಲ್ಲು ಕಚ್ಚಿ. "ಇವ್ಳು ಟೀ ಕುಡೀತಾ ಕೂತಿದ್ಳು."

"ಶ್, ಸುಮ್ನಿರು ಅತ್ತಿಗೆ."

ಚಿತ್ರದಲ್ಲಿ ಹುಡುಗಿ ಕೇಳಿದಳು, "ಈ ಕರ್ಟನ್ ಯಾವಾಗ ಒಗೆದಿದ್ದು?"

ಚಿಕ್ಕತ್ತಿಗೆ ಒಂದು ಗಳಿಗೆ ಕ್ಯಾಮೆರಾ ನೋಡಿದಳು. "ಮೂರು ವಾರ ಆಯ್ತು ಅಷ್ಟೇ. ನಾನೇ ಒಗೆದು ಹಾಕಿದ್ದು. ಬೆಳ್ಳಗಿತ್ತು. ಈಗ ನೋಡಿ."

ನನ್ನ ಬಲತೋಳಿಗೆ ದೊಡ್ಡತ್ತಿಗೆಯ ಐದು ಉಗುರು ನೆಟ್ಟವು. ಫೋಟೋ ಹೋಗಲಿ, ಸ್ಟೂಲು ಹೋಗಲಿ, ಗೇಟಿನ ಚಾದರವನ್ನೂ ಎಲ್ಲರ ಲೆಕ್ಕಕ್ಕೆ ಹಾಕಲಿ. ಒಗೆದದ್ದು? ಒಗೆಯುವುದೊಂದೇ ತನ್ನದು ಎಂದುಕೊಂಡವಳು ಅವಳು. ಅದನ್ನೂ ಚಿಕ್ಕತ್ತಿಗೆ ಎತ್ತಿಕೊಂಡು ಹೋದಳಲ್ಲ, ಅದೂ ಜನ್ಮದಲ್ಲಿ ಒಂದು ಕರವಸ್ತ್ರ ನೆಟ್ಟಗೆ ಹಿಂಡದವಳು! ನನಗೂ ಮೈ ಉರಿಯಿತು. ಎಡಕ್ಕೆ ತಿರುಗಿದೆ. ಚಿಕ್ಕತ್ತಿಗೆ ತಲೆ ತಗ್ಗಿಸಿ ಚೀಲದ ಜಿಪ್ಪು ಎಳೆಯುತ್ತಿದ್ದಳು. ಇವಳು ನಾಚಿಕೆಯಿಲ್ಲದವಳು ಅಂತ ದೊಡ್ಡತ್ತಿಗೆ ಹೇಳುವುದು ಸುಳ್ಳು, ನಾಚಿಕೆ ಇತ್ತು. ಓರಗಿತ್ತಿ ಬಂದು ನನ್ನ ಮನೆಯ ಪರದೆ ಒಗೆದಳು ಎಂದು ಕ್ಯಾಮೆರಾ ಮುಂದೆ ಹೇಳಿಕೊಳ್ಳಲು ಯಾವ ಹೆಂಗಸಿಗೆ ಬಾಯಿ ಬರುತ್ತದೆ?

ಚಿತ್ರ ಮುಗಿದು ಚಪ್ಪಾಳೆ ಬಿತ್ತು. ಎಲ್ಲರೂ ನಮ್ಮ ಸಾಲಿನ ಕಡೆ ತಿರುಗಿ ಚಿಕ್ಕತ್ತಿಗೆಗೆ ಚಪ್ಪಾಳೆ ತಟ್ಟಿದರು. ದೊಡ್ಡತ್ತಿಗೆ ಎರಡು ಕೈಯನ್ನೂ ಕಂಕುಳಲ್ಲಿ ಅವಿತಿಟ್ಟುಕೊಂಡು ಫ್ಯಾನು ನೋಡುತ್ತಿದ್ದಳು.

ಆಗ ಕಂಪನಿಯ ಪ್ರಚಾರಾಧಿಕಾರಿ ಎದ್ದು ಮೈಕು ಇಸಿದುಕೊಂಡ. ಬಹಳ ಮರ್ಯಾದಸ್ಥನ ದನಿ. "ಚಿತ್ರ ತುಂಬಾ ಚೆನ್ನಾಗಿದೆ. ನನ್ನದು ಒಂದೇ ಒಂದು ಸಣ್ಣ ಅನುಮಾನ. ಆ ಕರ್ಟನ್ ಮೂರು ವಾರದ ಹಿಂದೆ ಒಗೆದಿದ್ದು ಅನ್ನೋದಕ್ಕೆ ಏನು ಆಧಾರ? ಮೂರು ವರ್ಷದಿಂದ ಒಗೆಯದೇ ಇದ್ದಿದ್ರೆ? ಎಲ್ಲರ ಮನೇಲೂ ಅಡುಗೆ ಹೊಗೆ ಇರುತ್ತೆ. ಆ ಮನೆಯವರು ಬಟ್ಟೆ ಒಗೆಯೋದ್ರಲ್ಲಿ ಸ್ವಲ್ಪ ನಿಧಾನ ಅಂತ ಬೀದಿಯವರೇ ಹೇಳ್ತಾರೆ. ತಪ್ಪು ತಿಳ್ಕೋಬೇಡಿ."

ಬೀದಿಯವರೆಲ್ಲ ಅದನ್ನು ಹೇಳಿದವರೇ. ಚಿಕ್ಕತ್ತಿಗೆಯ ಮುಖ ಬಿಳಿಚಿಕೊಂಡಿತು. ಸಮಿತಿಯ ಹೆಂಗಸು ಕನ್ನಡಕ ಸರಿಮಾಡಿಕೊಂಡು ಹಿಂದಕ್ಕೆ ತಿರುಗಿದಳು. ಅವನು ಅಷ್ಟಕ್ಕೆ ಬಿಡಲಿಲ್ಲ.

"ಇಲ್ಲಿ ಬಿಳಿಯಕ್ಕ ಇದಾರಲ್ಲ, ಅವರನ್ನೇ ಕೇಳೋಣ. ಬಟ್ಟೆ ವಿಷಯದಲ್ಲಿ ಅವರ ಮಾತೇ ಕೊನೇ ಮಾತು. ಅವರು ಏನು ಹೇಳ್ತಾರೋ ನಾನು ಒಪ್ತೀನಿ."

ಇವರಿಬ್ಬರಿಗೂ ಎಣ್ಣೆ ಸೀಗೆಕಾಯಿ ಎಂದು ಅವನಿಗೆ ಯಾರೋ ಕಿವಿ ಊದಿದ್ದರು. ಲೆಕ್ಕ ಹಾಕಿಯೇ ಮೈಕು ಈ ಕಡೆ ಕಳಿಸಿದ್ದ.

ಮೈಕು ಕೈಯಿಂದ ಕೈಗೆ ದಾಟಿ ದೊಡ್ಡತ್ತಿಗೆಯ ಹತ್ತಿರ ಬಂತು. ಅವಳು ಎದ್ದು ನಿಂತಳು. ಸಭೆಯ ಕಣ್ಣೆಲ್ಲ ಅವಳ ಮೇಲೆ. ಇಷ್ಟು ವರ್ಷ ಅವಳು ಬಯಸಿದ್ದು ಇದನ್ನೇ. ಬಾಯಿ ಬಿಟ್ಟರೆ ಸತ್ಯವನ್ನೇ ಹೇಳಬಹುದು: ಒಗೆದದ್ದು ತಾನು, ಚಿಕ್ಕತ್ತಿಗೆಯಲ್ಲ. ಅವತ್ತು ಸ್ಟೂಲು ಹಿಡಿದ ನಾನೇ ಸಾಕ್ಷಿ. ಆದರೆ ಅದನ್ನು ಅಂದರೆ ಚಿತ್ರದಲ್ಲಿ ಚಿಕ್ಕತ್ತಿಗೆ ಹೇಳಿದ್ದು ಸುಳ್ಳು ಎಂದಾಗುತ್ತದೆ. ಒಂದು ಸುಳ್ಳಾದರೆ ಮೂರು ವಾರವೂ ಸುಳ್ಳು, ಕರಿಪುಡಿಯೂ ಸುಳ್ಳು, ಇಡೀ ಚಿತ್ರವೇ ಸುಳ್ಳು ಎನ್ನಲು ಅವನು ತುದಿಗಾಲಲ್ಲಿ ನಿಂತಿದ್ದ. ಸಮಿತಿಯವರು ಕೂತು ಕೇಳುತ್ತಿದ್ದರು. ದೊಡ್ಡತ್ತಿಗೆ ಚಿಕ್ಕತ್ತಿಗೆಯನ್ನು ನೋಡಿದಳು. ಆ ನೋಟದಲ್ಲಿ ದಯೆ ದಾಕ್ಷಿಣ್ಯ ಏನೂ ಇರಲಿಲ್ಲ, ನಾನು ನಡುವೆ ಕೂತವಳು, ನನಗೆ ಚೆನ್ನಾಗಿ ಕಾಣುತ್ತಿತ್ತು.

"ಒಗೆದಿದ್ದಾಳೆ" ಎಂದಳು.

ಮೈಕು ಕಿರ್ರೆಂದಿತು. ಅವಳು ಅದನ್ನು ಬಾಯಿಂದ ಸ್ವಲ್ಪ ದೂರ ಹಿಡಿದಳು. "ಮೂರು ವಾರ ಮುಂಚೆ ಒಗೆದಿದ್ದೇ. ನಮ್ಮತ್ತೆ ಆಸ್ಪತ್ರೆಯಿಂದ ಬರೋ ಹಿಂದಿನ ದಿನ. ಎರಡು ಸಲ ಸೋಪು ಹಾಕಿ, ಬಿಸಿನೀರಲ್ಲಿ ನೆನೆಸಿ ಒಗೆದಿದ್ದು. ಬೆಳ್ಳಗಾಗಿತ್ತು. ನನ್ನ ಕಣ್ಣಾರೆ ನೋಡಿದೀನಿ."

"ಅವರೇ ಒಗೆದ್ರಾ?" ಪ್ರಚಾರಾಧಿಕಾರಿ ನಗುತ್ತಲೇ ಕೇಳಿದ.

"ಅವ್ಳ ಮನೆ ಕರ್ಟನ್ ಮತ್ಯಾರು ಒಗೀತಾರೆ?" ಮೈಕನ್ನು ಇನ್ನೊಂದು ಕೈಗೆ ದಾಟಿಸಿದಳು. "ಅವ್ಳೇ ಒಗೆದಿದ್ದು. ನನಗಿಂತ ಚೆನ್ನಾಗಿ ಒಗೀತಾಳೆ."

ಬೀದಿಯವರು ಯಾರೂ ನಗಲಿಲ್ಲ. ಸಮಿತಿಯ ಹೆಂಗಸು ತಲೆಯಾಡಿಸಿದಳು. ಪ್ರಚಾರಾಧಿಕಾರಿ ಕೂತ. ಮತ್ತೆ ಚಪ್ಪಾಳೆ, ಮತ್ತೆ ಎಲ್ಲರೂ ತಿರುಗಿದ್ದು ಚಿಕ್ಕತ್ತಿಗೆಯ ಕಡೆಗೇ.

ಮನೆಗೆ ನಡೆದು ಬರುವಾಗ ಚಿಕ್ಕತ್ತಿಗೆ ಹಿಂದಿನಿಂದ ಓಡಿಬಂದು ಅವಳ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. "ಅಕ್ಕಾ, ಅವತ್ತು ಬಾಯಿ ತಪ್ಪಿ ಹಂಗಂದ್ಬಿಟ್ಟೆ ಅಕ್ಕಾ..."

"ಕೈ ಬಿಡು" ಎಂದಳು ದೊಡ್ಡತ್ತಿಗೆ. "ನಿನ್ನ ಮೇಲಿನ ಪ್ರೀತಿಗಲ್ಲ. ನನ್ನ ಹಗ್ಗ ಉಳೀಬೇಕು, ಅದಕ್ಕೆ. ನಿನ್ನ ಮುಖ ನೋಡಿದ್ರೆ ನಂಗೆ ಈಗ್ಲೂ ಮೈಯೆಲ್ಲ ಉರಿಯುತ್ತೆ." ಕೈ ಬಿಡಿಸಿಕೊಂಡು ಬಿರಬಿರನೆ ಮುಂದೆ ಹೋದಳು. ನಾವಿಬ್ಬರೂ ಹಿಂದುಳಿದೆವು.

ವಿಚಾರಣೆ ಒಂದೇ ದಿನಕ್ಕೆ ಮುಗಿಯಲಿಲ್ಲ. ಮುಂದೂಡಿದರು, ಮತ್ತೆ ಮುಂದೂಡಿದರು. ಈಚೆ ದಡದ ಗಿಡಗಳು ಸದ್ಯಕ್ಕೆ ಹಾಗೇ ಇವೆ. ಅಂದಮೇಲೆ ಪರದೆ ಒಗೆದದ್ದು ಚಿಕ್ಕತ್ತಿಗೆ ಎಂಬ ಆ ಮಾತನ್ನೂ ಹಾಗೇ ಉಳಿಸಿಕೊಳ್ಳಬೇಕಲ್ಲ, ಎಲ್ಲಿಯೂ ಬಾಯಿ ಬಿಡುವಂತಿಲ್ಲ. ಚಿತ್ರ ಊರೂರು ತಿರುಗುತ್ತಿದೆ. ಚಿಕ್ಕತ್ತಿಗೆಗೆ ಕರೆ ಬಂದಾಗಲೆಲ್ಲ ಗೋಡೆಯ ಈಚೆ ಇಸ್ತ್ರಿಪೆಟ್ಟಿಗೆ ಕುಕ್ಕುವ ಸದ್ದು ಕೇಳಿಸುತ್ತದೆ.

ಹೋದ ವಾರ ನನಗೆ ರಜೆಯಿತ್ತು, ಅಂಗಡಿಯಲ್ಲಿ ಕೂತು ದಿಂಬಿನ ಚೀಲ ಮಡಚುತ್ತಿದ್ದೆ. ಕ್ಲಿನಿಕ್ಕಿನ ಹೆಡ್ ನರ್ಸು ಒಂದು ದೊಡ್ಡ ಕಟ್ಟು ಹಿಡಿದು ಬಂದರು. ವಾರ್ಡಿನ ಪರದೆಗಳು.

"ಫಿಲಂ ನೋಡಿದೆ ಬಿಳಿಯಕ್ಕಾ. ನಿಮ್ಮ ಓರಗಿತ್ತಿ ನಿಮಗಿಂತ ಚೆನ್ನಾಗಿ ಒಗೀತಾರೆ ಅಂತ ನೀವೇ ಸಭೇಲಿ ಹೇಳಿದ್ರಂತಲ್ಲ. ತಪ್ಪು ತಿಳ್ಕೋಬೇಡಿ, ಇವನ್ನ ಅವ್ರ ಕೈಲೇ ಒಗೆಸ್ತೀರಾ?"

ದೊಡ್ಡತ್ತಿಗೆ ಕಟ್ಟನ್ನು ಇಸಿದುಕೊಂಡು ಎದೆಗೆ ಒತ್ತಿ ಹಿಡಿದಳು. ಅವಳ ಕುತ್ತಿಗೆಯ ನರ ಎದ್ದದ್ದನ್ನು ನಾನು ನೋಡಿದೆ.

"ಆಗ್ಲಿ. ಅವ್ಳ ಕೈಲೇ ಒಗೆಸ್ತೀನಿ."

ನರ್ಸು ಅತ್ತ ಹೋದರು, ಇವಳು ಇತ್ತ ಹಿತ್ತಲಿಗೆ ಹೋದಳು. ಅವತ್ತು ಅವಳು ಒಗೆದ ರಭಸಕ್ಕೆ ಕಲ್ಲಿನ ಸದ್ದು ಬೀದಿಯ ತುದಿಗೆ ಕೇಳಿರಬೇಕು. ನೆನೆಸಿದಳು, ಉಜ್ಜಿದಳು, ಜಾಲಿಸಿದಳು, ಬೆಳಕಿಗೆ ಹಿಡಿದು ನೋಡಿ ಮತ್ತೆ ತೊಟ್ಟಿಗೆ ಹಾಕಿದಳು. ಗಾಳಿ ಏಳುವ ಮೊದಲೇ ಒಳಗೆ ತಂದು ಫ್ಯಾನಿನ ಕೆಳಗೆ ಒಣಗಿಸಿದಳು. ಅಷ್ಟು ಬಿಳಿಯ ಬಟ್ಟೆ ಅವಳ ಕೈಯಿಂದಲೂ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮಾರನೇ ದಿನ ಸಂಜೆ ನರ್ಸು ಬಂದು ಕಟ್ಟು ಬಿಚ್ಚಿ, ಒಂದು ಪರದೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅಬ್ಬಾ! ನಿಜವಾಗ್ಲೂ ಅವ್ರ ಕೈ ಗುಣವೇ ಬೇರೆ ಬಿಡಿ. ನಾನು ತುಂಬಾ ಹೊಗಳಿದೆ ಅಂತ ಹೇಳಿ ಅವ್ರಿಗೆ, ಮರೀಬೇಡಿ."

ದೊಡ್ಡತ್ತಿಗೆ ನನ್ನ ಕಡೆ ನೋಡಲಿಲ್ಲ. ಪರದೆಯನ್ನು ಅವರ ಕೈಯಿಂದ ತೆಗೆದುಕೊಂಡು ಗೆರೆ ಕೆಡದ ಹಾಗೆ ಮತ್ತೆ ಮಡಚಿದಳು.

"ಹೇಳ್ತೀನಿ" ಎಂದಳು.